ಗೋದಲಿಗೆ ಕಬ್ಬಿನ ಸೋಗೆ

ಡಿಸೆಂಬರ್ ಎರಡನೆಯ ವಾರ ಬಂದರೆ ನಮ್ಮ ಮನೆಯಲ್ಲಿ ರಾಗಿ ನೆನೆಹಾಕುತ್ತೇವೆ. ಅಂಬಲಿಗಲ್ಲ, ಹುರಿಹಿಟ್ಟಿಗಲ್ಲ, ಗೋದಲಿಗೆ. ಗೋದಲಿ ಎಂದರೆ ದನಗಳಿಗೆ ಮೇವಿಡುವ ತೊಟ್ಟಿ; ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸಲು ಕ್ರಿಸ್ಮಸ್‌ಗೆ ಬೊಂಬೆಗಳನ್ನಿಟ್ಟು ಕಟ್ಟುವ ದೃಶ್ಯಕ್ಕೂ ಅದೇ ಹೆಸರು. ಅಗಲವಾದ ತಟ್ಟೆಗಳಲ್ಲಿ ಗೊಬ್ಬರ ಬೆರೆಸಿದ ಮಣ್ಣು ಹರಡಿ, ನೆನೆದ ಕಾಳನ್ನು ಒತ್ತಾಗಿ ಚೆಲ್ಲಿ, ಮೇಲೆ ಒದ್ದೆ ಗೋಣಿತಾಟು ಮುಚ್ಚಿಟ್ಟರೆ ಮೂರು ನಾಲ್ಕು ದಿನಕ್ಕೆ ಮೊಳಕೆ ಏಳುತ್ತದೆ. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಬೆರಳುದ್ದದ ಹಸುರು ಹಾಸು ಸಿದ್ಧವಾಗಿರುತ್ತದೆ. ಕ್ರಿಸ್ಮಸ್ ಹಿಂದಿನ ಸಂಜೆ ಆ ತಟ್ಟೆಗಳನ್ನೇ ಗೋದಲಿಯ ಸುತ್ತ ಜೋಡಿಸಿ, ಕುರುಬರ ಬೊಂಬೆಗಳನ್ನೂ ಕುರಿಗಳನ್ನೂ ಅದರ ನಡುವೆ ನಿಲ್ಲಿಸಿದರೆ ಅದು ಬೆತ್ಲೆಹೇಮಿನ ಬಯಲಾಗುತ್ತದೆ. ಮೈಸೂರಿನಲ್ಲಿ ನಾನು ಹುಡುಗನಾಗಿದ್ದಾಗ ಒಮ್ಮೆ ಉತ್ಸಾಹ ತಡೆಯಲಾರದೆ ತಿಂಗಳ ಮೊದಲ ತಾರೀಖಿಗೇ ರಾಗಿ ಚೆಲ್ಲಿದ್ದೆ. ಹಬ್ಬದ ಹೊತ್ತಿಗೆ ಪೈರು ಹಳದಿಯಾಗಿ ಮಗ್ಗುಲಿಗೆ ಮಲಗಿತ್ತು. ಅಮ್ಮ ಅದನ್ನು ನೋಡಿ, "ಹಬ್ಬ ನಿನಗೋಸ್ಕರ ಮುಂಚೆ ಬರುತ್ತೇನೋ?" ಎಂದಷ್ಟೇ ಕೇಳಿದ್ದಳು.

ಈಗ ನಾನು ಮಂಡ್ಯದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹನ್ನೊಂದು ವರ್ಷಗಳಿಂದ ನಮ್ಮ ಚರ್ಚಿನ, ಅಂದರೆ ಧರ್ಮಕೇಂದ್ರದ ಅಂಗಳದಲ್ಲಿ ಕಟ್ಟುವ ದೊಡ್ಡ ಗೋದಲಿಯ ಹೊಣೆ ನನ್ನ ಪಾಲಿಗೆ ಬಂದಿದೆ. ವಿಶ್ವಾಸಕ್ಕೂ ಕಲೆಗೂ ಏನು ಸಂಬಂಧ ಎಂಬ ಪ್ರಶ್ನೆ ನನಗೆ ಪುಸ್ತಕ ಓದುವಾಗ ಹುಟ್ಟಿದ್ದಲ್ಲ, ಬಿದಿರುಗಳ ಕಟ್ಟಿಗೆ ತಂತಿ ಬಿಗಿಯುವಾಗ ಹುಟ್ಟಿದ್ದು. ಮೂರು ವರ್ಷದ ಹಿಂದೆ ಕೊಟ್ಟಿಗೆಯ ಸೂರಿಗೆ ಒಣಹುಲ್ಲಿನ ಬದಲು ಕಬ್ಬಿನ ಸೋಗೆ ಹೊದಿಸಿದೆ. ಈ ಊರಿನಲ್ಲಿ ಗದ್ದೆಯ ಬದಿಯ ಗುಡಿಸಲಿಗೂ ಆಲೆಮನೆಗೂ ಅದನ್ನೇ ಹೊದಿಸುವುದನ್ನು ದಿನವೂ ನೋಡುತ್ತಿದ್ದುದರಿಂದ ಅದು ನನಗೆ ವಿಶೇಷವೆಂದೇ ತೋರಿರಲಿಲ್ಲ. ಆದರೆ ಬಲಿಪೂಜೆ ಮುಗಿಸಿ ಹೊರಬಂದ ಹಿರಿಯರೊಬ್ಬರು ಗೋದಲಿಯ ಮುಂದೆ ಬಹಳ ಹೊತ್ತು ನಿಂತು, "ಮೇಷ್ಟ್ರೇ, ಬೆತ್ಲೆಹೇಮಿನಲ್ಲಿ ಕಬ್ಬಿನ ಗದ್ದೆ ಇತ್ತೇನ್ರಿ?" ಎಂದು ಕೇಳಿದರು. ಅವರು ಕುಹಕದಿಂದ ಕೇಳಲಿಲ್ಲ. ಸತ್ಯವೇದದ ಸಂಗತಿಯನ್ನು ನಮಗೆ ತೋಚಿದಂತೆ ತಿರುಚಬಾರದು ಎಂಬ ಭಯಭಕ್ತಿಯಿಂದಲೇ ಕೇಳಿದರು. ಅದೇ ಸೂರಿನ ಅಂಚಿಗೆ ಯುವಕರು ಹಿಮವೆಂದು ಅಂಟಿಸಿದ್ದ ಹತ್ತಿ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಮಂಡ್ಯದಲ್ಲಿ ಹಿಮ ಬೀಳುವುದಿಲ್ಲ, ಯೇಸುವಿನ ಜೀವನವನ್ನು ಹೇಳುವ ಶುಭಸಂದೇಶದಲ್ಲಿಯೂ ಆ ರಾತ್ರಿ ಹಿಮ ಬಿತ್ತೆಂದು ಬರೆದಿಲ್ಲ. ಯೂರೋಪಿನಲ್ಲಿ ಅಚ್ಚಾದ ಶುಭಾಶಯ ಪತ್ರಗಳಿಂದ ಇಳಿದು ಬಂದ ಆ ಹತ್ತಿ ಶಾಸ್ತ್ರವಾಗಿಬಿಟ್ಟಿದೆ, ನಮ್ಮ ಹಿತ್ತಿಲಿನ ಸೋಗೆ ಅಪಚಾರವಾಗಿ ಕಾಣುತ್ತದೆ.

ಅವರಿಗೆ ಉತ್ತರ ಕೊಡಬೇಕೆಂದು ಆ ರಾತ್ರಿ ಮನೆಗೆ ಬಂದು ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಪುನಃ ಓದಿದೆ. ವರ್ಷ ವರ್ಷವೂ ಕೇಳಿದ್ದ ಭಾಗವೇ ಆದರೂ ಅದು ಎಷ್ಟು ಚಿಕ್ಕದೆಂಬುದು ಅಂದೇ ನನ್ನ ಗಮನಕ್ಕೆ ಬಂದದ್ದು. ಛತ್ರದಲ್ಲಿ ಸ್ಥಳವಿರಲಿಲ್ಲ, ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು; ಜನನದ ವಿಚಾರವಾಗಿ ಇರುವುದು ಇಷ್ಟೇ. ಎತ್ತು ಇಲ್ಲ, ಕತ್ತೆ ಇಲ್ಲ, ಸೂರು ಹುಲ್ಲಿನದೋ ಕಲ್ಲಿನದೋ ಎಂಬ ಮಾತಿಲ್ಲ. ಮತ್ತಾಯನಲ್ಲಿ ಬರುವ ಮೂಡಣ ದೇಶದ ಜ್ಞಾನಿಗಳು ಮೂವರೆಂದಾಗಲಿ ಅರಸರೆಂದಾಗಲಿ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆಗಳು ಮೂರಾದುದರಿಂದ ತಂದವರೂ ಮೂವರಾದರು. ಅವರು ಮಗುವನ್ನು ಕಂಡದ್ದಾದರೂ ಕೊಟ್ಟಿಗೆಯಲ್ಲಲ್ಲ, ಮನೆಯೊಂದರಲ್ಲಿ. ಕನ್ನಡಕ್ಕೆ ಸತ್ಯವೇದವನ್ನು ತಂದವರು ಅವರನ್ನು 'ಜೋಯಿಸರು' ಎಂದು ಕರೆದಾಗ, ಪಂಚಾಂಗ ಹಿಡಿದು ನಕ್ಷತ್ರ ನೋಡುವ ನಮ್ಮ ಊರಿನವರೊಬ್ಬರು ಒಂಟೆ ಏರಿದಂತಾಯಿತು. ಅದಕ್ಕೆ ಯಾರೂ ಆಕ್ಷೇಪವೆತ್ತಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಎತ್ತು ಕತ್ತೆಗಳು ಬಂದದ್ದು ಎಲ್ಲಿಂದ? ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿ ಪ್ರವಾದಿಯ ನೊಂದ ಮಾತೊಂದಿದೆ: ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು, ನನ್ನ ಜನರಿಗೆ ಮಾತ್ರ ಅಷ್ಟೂ ತಿಳಿಯದು ಎಂದು. ಅಲ್ಲಿ ಗೋದಲಿ ಇದೆ, ಇಲ್ಲಿ ಲೂಕನಲ್ಲಿಯೂ ಗೋದಲಿ ಇದೆ. ಯಾರೋ ಒಬ್ಬ ಶಿಲ್ಪಿಯ ಅಥವಾ ಬೋಧಕನ ಮನಸ್ಸು ಆ ಎರಡು ಗೋದಲಿಗಳನ್ನು ಒಂದಕ್ಕೊಂದು ತಗಲಿಸಿತು. 4ನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಕೆತ್ತಿದ ಜನನದ ದೃಶ್ಯಗಳಲ್ಲಿ ಆಗಲೇ ಎತ್ತು ಕತ್ತೆಗಳು ಮಗುವಿನ ಮೇಲೆ ಬಾಗಿ ನಿಂತಿವೆ. ಕೆಲವೆಡೆ ಮರಿಯಮ್ಮನೇ ಇಲ್ಲ, ಪ್ರಾಣಿಗಳೆರಡು ಮಾತ್ರ ಇವೆ. ಇದನ್ನು ಅಲಂಕಾರಕ್ಕೆಂದು ಸೇರಿಸಿದ ಸುಳ್ಳು ಎನ್ನಲು ನನಗೆ ಮನಸ್ಸು ಬಾರದು. ಗ್ರಂಥದ ಒಂದು ಮೂಲೆಯನ್ನು ಇನ್ನೊಂದು ಮೂಲೆಯ ಬೆಳಕಿನಲ್ಲಿ ಓದಿದ ವ್ಯಾಖ್ಯಾನ ಅದು. ಬರೆಯುವ ಬದಲು ಕೆತ್ತಿದರು, ಅಷ್ಟೇ.

ಗೋದಲಿ ಕಟ್ಟುವ ಪದ್ಧತಿಯ ಮಾತು ಬಂದಾಗಲೆಲ್ಲ ಹೇಳುವ ಗ್ರೆಚ್ಚೋ ಊರಿನ ಸಂಗತಿಯೂ ಇಂಥದೇ. 1223ರ ಕ್ರಿಸ್ಮಸ್‌ಗೆ ಹದಿನೈದು ದಿನ ಮುಂಚೆ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಆ ಬೆಟ್ಟದೂರಿನ ಗೆಳೆಯನೊಬ್ಬನಿಗೆ ಹೇಳಿಕಳುಹಿಸಿ, ಹುಲ್ಲು ತುಂಬಿದ ಗೋದಲಿಯನ್ನೂ ಜೀವಂತ ಎತ್ತು ಕತ್ತೆಗಳನ್ನೂ ಸಿದ್ಧಪಡಿಸಲು ಕೇಳಿಕೊಂಡರು. ಮಗು ಅಲ್ಲಿ ಪಟ್ಟ ಕಷ್ಟವನ್ನು ನನ್ನ ಕಣ್ಣಾರೆ ಕಾಣಬೇಕು ಎಂಬುದು ಅವರ ಹಂಬಲವಾಗಿತ್ತು. ಆ ಗೋದಲಿಯ ಮೇಲೆಯೇ ಅಂದಿನ ಬಲಿಪೂಜೆ ನಡೆಯಿತು. ಫ್ರಾನ್ಸಿಸರು ಬೆತ್ಲೆಹೇಮಿನ ಹುಲ್ಲು ತರಿಸಲಿಲ್ಲ. ಗ್ರೆಚ್ಚೋದ ಹುಲ್ಲು, ಗ್ರೆಚ್ಚೋದ ದನ, ದೀಪ ಹಿಡಿದು ಬಂದವರು ಗ್ರೆಚ್ಚೋದ ಹಳ್ಳಿಯವರು. ಮುಂದಿನ ವರ್ಷ ಆ ಹಿರಿಯರಿಗೆ ಇದನ್ನು ಹೇಳಿದಾಗ ಅವರು, "ಸಂತರು ಮಾಡಿದ್ದು ಬೇರೆ, ನೀವು ಮಾಡಿದ್ದು ಬೇರೆ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ನಾನು ಬೆಳೆದದ್ದು ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯದ ನೆರಳಿನಲ್ಲಿ. 175 ಅಡಿ ಎತ್ತರದ ಆ ಜೋಡಿ ಗೋಪುರಗಳ ಕೆಳಗೆ ಗೋಲಿಯಾಡಿದ ಹುಡುಗರಿಗೆ ಅವು ಜರ್ಮನಿಯ ಕೊಲೋನ್ ಮಹಾದೇವಾಲಯವನ್ನು ನೋಡಿ ಕಟ್ಟಿದ ಗಾಥಿಕ್ ಶೈಲಿಯವು ಎಂಬುದು ತಿಳಿದಿರಲಿಲ್ಲ; ಚಾಮುಂಡಿ ಬೆಟ್ಟದಷ್ಟೇ ಅವೂ ಮೈಸೂರಿನವು. 1933ರ ಅಕ್ಟೋಬರ್ 28ರಂದು ಅದಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ನಕ್ಷೆ ಬರೆದವರು ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ, ಕಿಟಕಿಗಳ ಬಣ್ಣದ ಗಾಜು ಬಂದದ್ದು ಫ್ರಾನ್ಸಿನಿಂದ. ಕ್ರಿಸ್ತಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಇವೆಲ್ಲ ಆ ಗಾಜಿನ ಮೇಲಿವೆ. ಬೇಸರದ ಪ್ರಬೋಧನೆಗಳ ಹೊತ್ತಿನಲ್ಲಿ ನೆಲದ ಮೇಲೆ ಬೀಳುತ್ತಿದ್ದ ಕೆಂಪು ನೀಲಿ ಬೆಳಕಿನ ತುಂಡುಗಳು ನಿಧಾನವಾಗಿ ಸರಿಯುವುದನ್ನು ನೋಡುತ್ತ ಕುಳಿತಿದ್ದೇ ಬಹುಶಃ ನನ್ನ ಮೊದಲ ಚಿತ್ರಕಲೆಯ ಪಾಠ.

ಆ ದೇವಾಲಯದ ನೆಲಮಾಳಿಗೆಯಲ್ಲಿ ಮಲಗಿರುವ ಭಂಗಿಯ ಫಿಲೋಮಿನಾಳ ಪ್ರತಿಮೆಯಿದೆ. ಅವಳ ಕಥೆ ಹೇಗೆ ಹುಟ್ಟಿತೆಂಬುದು ತಿಳಿದದ್ದು ನಾನು ದೊಡ್ಡವನಾದ ಮೇಲೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಗೋರಿಯೊಂದು ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಕೆಲವು ಅಕ್ಷರಗಳೂ ಲಂಗರು, ಬಾಣ, ತಾಳೆಗರಿಗಳ ಚಿತ್ರಗಳೂ ಇದ್ದವು. ಬಿಲ್ಲೆಗಳು ಇದ್ದ ಕ್ರಮದಲ್ಲಿ ಅಕ್ಷರಗಳಿಗೆ ಅರ್ಥವಾಗುತ್ತಿರಲಿಲ್ಲ. ಮೊದಲನೆಯದನ್ನು ಕೊನೆಗೆ ಇಟ್ಟು ಓದಿದಾಗ 'ಶಾಂತಿ ನಿನ್ನೊಂದಿಗಿರಲಿ, ಫಿಲೋಮಿನಾ' ಎಂದಾಯಿತು. ಆಮೇಲೆ 19ನೇ ಶತಮಾನದಲ್ಲಿ ನೇಪಲ್ಸ್‌ನ ಸಂನ್ಯಾಸಿನಿಯೊಬ್ಬರಿಗಾದ ದರ್ಶನಗಳಿಂದ ಪೂರ್ತಿ ಕಥೆ ಬಂತು. ಅದರಲ್ಲಿ ಅವಳು ಗ್ರೀಕ್ ರಾಜಕುಮಾರಿ; ಚಕ್ರವರ್ತಿಯನ್ನು ವರಿಸಲೊಲ್ಲದೆ, ಲಂಗರು ಕಟ್ಟಿ ಹೊಳೆಗೆ ಎಸೆದರೂ ಉಳಿದು, ಬಾಣಗಳನ್ನು ಸಹಿಸಿ, ಕಡೆಗೆ ತಲೆಕೊಟ್ಟವಳು. ಬಿಲ್ಲೆಯ ಮೇಲಿನ ಒಂದೊಂದು ಚಿತ್ರವೂ ಕಥೆಯ ಒಂದೊಂದು ಘಟನೆಯಾಗಿ ಬೆಳೆದಿದೆ. 1961ರಲ್ಲಿ ರೋಮ್ ಅವಳ ಹೆಸರನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಮೈಸೂರಿನ ಜನ ಮೇಣದಬತ್ತಿ ಹಚ್ಚುವುದನ್ನು ಬಿಡಲಿಲ್ಲ. ಈ ಎರಡರಲ್ಲಿ ಯಾವುದು ತಪ್ಪು ಎಂದು ಕೇಳಿದರೆ ಯಾವುದೂ ಅಲ್ಲವೆಂದೇ ಹೇಳುತ್ತೇನೆ. ಇತಿಹಾಸವೆಂದು ಸಾಧಿಸಲಾಗದ್ದನ್ನು ಇತಿಹಾಸದ ಪಟ್ಟಿಯಿಂದ ತೆಗೆಯುವುದು ಪ್ರಾಮಾಣಿಕತೆ; ಮೂರು ಬಿಲ್ಲೆಗಳ ಹಿಂದೆ ಒಬ್ಬ ಹುಡುಗಿ ಸತ್ತಿದ್ದಳು, ಅವಳನ್ನು ಪ್ರೀತಿಸಿದವರು ಅವಳಿಗೆ ಶಾಂತಿ ಕೋರಿ ಕೈಯಿಂದ ಬರೆದಿದ್ದರು ಎಂಬುದನ್ನು ಮರೆಯದಿರುವುದು ಇನ್ನೊಂದು ಬಗೆಯ ಪ್ರಾಮಾಣಿಕತೆ.

ಇಷ್ಟಾದರೂ ಹಿರಿಯರ ಭಯ ಪೊಳ್ಳೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಬೇರು ಸತ್ಯವೇದದಲ್ಲಿಯೇ ಇದೆ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರು ಯೂದ ಕುಲದ ಬೆಚಲೇಲನನ್ನು ಹೆಸರು ಹಿಡಿದು ಕರೆದು, ಚಿನ್ನ ಬೆಳ್ಳಿ ತಾಮ್ರಗಳ ಕೆಲಸಕ್ಕೂ ರತ್ನ ಕೆತ್ತುವುದಕ್ಕೂ ಮರಗೆಲಸಕ್ಕೂ ಬೇಕಾದ ಜಾಣ್ಮೆಯನ್ನು ಕೊಟ್ಟು, ದೇವರಾತ್ಮದಿಂದ ತುಂಬಿಸಿದೆನೆಂದು ಹೇಳುತ್ತಾನೆ. ಬೆಚಲೇಲ ಪ್ರವಾದಿಯಲ್ಲ, ಅರಸನಲ್ಲ, ಕಸುಬುದಾರ. ಈ ಭಾಗವನ್ನು ಓದುವ ಡ್ರಾಯಿಂಗ್ ಮೇಷ್ಟ್ರಿಗೆ ಎದೆ ಉಬ್ಬದೆ ಇರುತ್ತದೆಯೇ? ಆದರೆ ಪುಟ ತಿರುಗಿಸಿದರೆ 32ನೇ ಅಧ್ಯಾಯ. ಅಲ್ಲಿ ಅದೇ ಜನ ಕಿವಿಯ ಓಲೆಗಳನ್ನು ಕಳಚಿ ಆರೋನನ ಕೈಗಿತ್ತು ಚಿನ್ನದ ಕರುವನ್ನು ಮಾಡಿಸಿಕೊಳ್ಳುತ್ತಾರೆ. ಮತ್ತೆ 35ನೇ ಅಧ್ಯಾಯದಲ್ಲಿ ಅವರೇ ಓಲೆ ಉಂಗುರಗಳನ್ನು ದೇವದರ್ಶನದ ಗುಡಾರಕ್ಕೆಂದು ತಂದು ಸುರಿಯುತ್ತಾರೆ. ಚಿನ್ನದಲ್ಲಿ ವ್ಯತ್ಯಾಸವಿಲ್ಲ, ಕುಲುಮೆಯಲ್ಲಿ ವ್ಯತ್ಯಾಸವಿಲ್ಲ, ಕೆಲಸಗಾರರ ಕೈಯಲ್ಲಿಯೂ ಇಲ್ಲ. ಕಲೆಯ ಬಗ್ಗೆ ಕ್ರೈಸ್ತರಿಗಿರುವ ಆಸೆ ಅಂಜಿಕೆಗಳೆರಡೂ ಈ ಐದು ಅಧ್ಯಾಯಗಳೊಳಗೆ ಇವೆ.

8ನೇ ಶತಮಾನದಲ್ಲಿ ಈ ಅಂಜಿಕೆ ಚಕ್ರವರ್ತಿಯ ಆಜ್ಞೆಯೇ ಆಯಿತು. ಬೈಜಾಂಟಿಯಮ್‌ನಲ್ಲಿ 3ನೇ ಲಿಯೋ ಪವಿತ್ರ ಚಿತ್ರಗಳನ್ನು ತೆಗೆಸತೊಡಗಿದಾಗ, ಆ ಸಾಮ್ರಾಜ್ಯದ ಎಲ್ಲೆಯಾಚೆ ಜೆರುಸಲೇಮಿನ ಬಳಿಯ ಮಠವೊಂದರಲ್ಲಿದ್ದ ದಮಸ್ಕದ ಸಂತ ಯೊವಾನ್ನರು ಚಿತ್ರಗಳ ಪರವಾಗಿ ಬರೆದರು. ಅವರ ವಾದದ ತಿರುಳು ಇದು: ದೇಹವಿಲ್ಲದ ದೇವರನ್ನು ಹಿಂದೆ ಯಾರೂ ಚಿತ್ರಿಸಲಾಗುತ್ತಿರಲಿಲ್ಲ, ನಿಜ, ಆದರೆ ಆತನೇ ಮನುಷ್ಯದೇಹ ತಾಳಿ ಜನರ ಕಣ್ಣಿಗೆ ಕಂಡ ಮೇಲೆ, ಕಂಡದ್ದನ್ನು ಬರೆಯುವುದು ತಪ್ಪಾಗದು, ನಾವು ಆರಾಧಿಸುವುದು ಜಡವಸ್ತುವನ್ನಲ್ಲ, ಜಡವಸ್ತುವಿನ ಕರ್ತನನ್ನು. 787ರಲ್ಲಿ ನೈಸಿಯಾದ ಎರಡನೆಯ ಮಹಾಸಭೆ ಇದನ್ನೇ ಎತ್ತಿಹಿಡಿದು, ಚಿತ್ರಕ್ಕೆ ಗೌರವ ಸಲ್ಲಬಹುದು, ಆರಾಧನೆ ದೇವರೊಬ್ಬನಿಗೇ ಎಂದು ಗೆರೆ ಎಳೆಯಿತು. ಜಗಳ ಅಲ್ಲಿಗೇ ಮುಗಿಯಲಿಲ್ಲ. 1524ರಲ್ಲಿ ಜ್ಯೂರಿಕ್ ನಗರದ ದೇವಾಲಯಗಳಿಂದ ಚಿತ್ರ ಪ್ರತಿಮೆಗಳೆಲ್ಲ ಹೊರಬಿದ್ದವು. ಅದಕ್ಕೆ ಕಾರಣನಾದ ಪ್ರಾಟೆಸ್ಟೆಂಟ್ ಸುಧಾರಕ ಜ್ವಿಂಗ್ಲಿ ತಾನು ಹಲವು ವಾದ್ಯಗಳನ್ನು ನುಡಿಸಬಲ್ಲ ಸಂಗೀತಗಾರನಾಗಿದ್ದೂ ಆರಾಧನೆಯಲ್ಲಿ ಸಂಗೀತವನ್ನು ಒಲ್ಲೆನೆಂದ. ಮಿಕ್ಕ ಪ್ರಾಟೆಸ್ಟೆಂಟರು ಅಷ್ಟು ಕಟ್ಟುನಿಟ್ಟಾಗಲಿಲ್ಲ. ಪಕ್ಕದ ಬೀದಿಯ ಅವರ ಸಭೆಯ ಗೋಡೆಗಳು ಸುಣ್ಣ ಬಳಿದು ಬರಿದಾಗಿವೆ, ಆದರೆ ಭಾನುವಾರ ಅಲ್ಲಿ ನಾಲ್ಕು ಧ್ವನಿಗಳಲ್ಲಿ ಹಾಡು ಎದ್ದರೆ ನಮ್ಮ ಗಾನವೃಂದದವರೂ ಕಿವಿಗೊಡುತ್ತಾರೆ. ಕನ್ನಡದಲ್ಲಿಯೂ ಹೀಗೇ ಆಗಿದೆ. ಪ್ರತಿಮೆಗಳನ್ನು ಒಪ್ಪದ ಬಾಸೆಲ್ ಮಿಷನ್ನಿನ ಕಿಟೆಲ್ಲರು ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿಗೆ ಇಳಿಸಿ 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದರು. ಕಣ್ಣಿಗೆ ಬಾಗಿಲು ಹಾಕಿದವರ ಮನೆಗೆ ಕಲ್ಪನೆ ಕಿವಿಯ ಕಿಟಕಿಯಿಂದ ಬಂತು.

ನನ್ನದೇ ಅಂಜಿಕೆಯ ಕಾಲವೂ ಒಂದಿತ್ತು. ಹತ್ತನೆಯ ತರಗತಿ ಮುಗಿಸಿ ಎರಡು ವರ್ಷ, ಪಾದ್ರಿಯಾಗಲು ಕಲಿಯುವ ಗುರುಮಠದಲ್ಲಿದ್ದೆ. ಅಲ್ಲಿ ಒಮ್ಮೆ, ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ, ಚಿತ್ರ ಬರೆಯುವಾಗ ನನಗಾಗುವ ಸುಖ ದೇವರ ಪಾಲಿನ ಸುಖವನ್ನು ಕದ್ದಂತೆ ಎಂದು ಯೋಚಿಸಿ ಬಣ್ಣದ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಇಂಗ್ಲಿಷ್ ಕವಿ ಹಾಪ್ಕಿನ್ಸ್ 1868ರಲ್ಲಿ ಯೇಸುಸಭೆ ಎಂಬ ಗುರುಗಳ ಸಂಘ ಸೇರುವ ಮುನ್ನ ತನ್ನ ಕವಿತೆಗಳನ್ನು ಸುಟ್ಟುಹಾಕಿದ್ದನೆಂದೂ, ಏಳು ವರ್ಷ ಹೆಚ್ಚುಕಡಿಮೆ ಮೌನವಾಗಿದ್ದು 1875ರಲ್ಲಿ ಹಡಗೊಂದು ಮುಳುಗಿ ಸಂನ್ಯಾಸಿನಿಯರು ಸತ್ತ ಸುದ್ದಿ ಕೇಳಿ, ಮಠದ ಹಿರಿಯರು ಯಾರಾದರೂ ಈ ಬಗ್ಗೆ ಬರೆಯಬಾರದೇ ಎಂದದ್ದೇ ತಡ ಮತ್ತೆ ಬರೆಯತೊಡಗಿದನೆಂದೂ ಎಷ್ಟೋ ವರ್ಷದ ಮೇಲೆ ಓದಿದೆ. ಅವನ ಕವಿತೆಗಳು ಪುಸ್ತಕವಾಗಿ ಬಂದದ್ದು 1918ರಲ್ಲಿ, ಅವನು ಸತ್ತು 29 ವರ್ಷಗಳಾದ ಮೇಲೆ. ನಾನು ಅದುವರೆಗೆ ಬರೆದಿದ್ದ ಚಿತ್ರಗಳಲ್ಲಿ ಉಳಿಸಿಕೊಳ್ಳಬೇಕಾದಂಥದ್ದೇನೂ ಇರಲಿಲ್ಲ ಎಂಬುದೊಂದು ಸಮಾಧಾನ. ಆಮೇಲೆ ಬರೆದ ಯೇಸುವಿನ ಪವಿತ್ರ ಹೃದಯದ ಚಿತ್ರಗಳೂ ಹಾಗೆಯೇ. ಭಕ್ತಿ ಇದ್ದರೆ ಸಾಕು, ಕೈಯ ಅಳತೆ ತಪ್ಪಿದರೆ ದೇವರು ಕ್ಷಮಿಸುತ್ತಾನೆ ಎಂದುಕೊಂಡು ಬರೆದವು. ದೇವರು ಕ್ಷಮಿಸಿರಬಹುದು. ಕೈ ಮಾತ್ರ ಇಂದಿಗೂ ಭುಜಕ್ಕಿಂತ ಉದ್ದವಾಗಿಯೇ ಇದೆ.

ಈಗ ಹೋದ ವರ್ಷದ ಸಂಗತಿಗೆ ಬರುತ್ತೇನೆ. ನಮ್ಮ ಗೋದಲಿಯ ಪ್ಲಾಸ್ಟರ್ ಬೊಂಬೆಗಳು ಮುರಿದು ಅಂಟಿಸಿ, ಅಂಟಿಸಿ ಮುರಿದು ಮುಖವೇ ಇಲ್ಲದಂತಾಗಿದ್ದವು. ಹೊಸದನ್ನು ಕೊಳ್ಳುವ ಬದಲು ಮಣ್ಣಿನಲ್ಲಿ ಮಾಡಿಸೋಣವೆಂದು, ಗೌರಿ ಗಣೇಶರನ್ನು ಮಾಡುವ ಕುಂಬಾರರೊಬ್ಬರ ಬಳಿ ಹೋದೆ. ಗೌರಿಹಬ್ಬ, ದಸರೆಯ ಬೊಂಬೆಗಳ ಕೆಲಸ ಮುಗಿದು ಅವರ ಕೈ ಬಿಡುವಾಗಿತ್ತು. ಹಳೆಯ ಮರಿಯಮ್ಮನನ್ನು ಮಾದರಿಗೆಂದು ಅವರ ಮುಂದಿಟ್ಟೆ: ನೀಲಿ ಮೇಲುಹೊದಿಕೆ, ಮಂಡಿಯೂರಿ ಕುಳಿತ ಭಂಗಿ, ಜೋಡಿಸಿದ ಕೈಗಳು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಅಮ್ಮಂಗೆ ಹೆರಿಗೆ ಆಗಿ ಎಷ್ಟು ದಿನ ಆಗೈತೆ ಮೇಷ್ಟ್ರೇ?" ಎಂದು ಕೇಳಿದರು. ಅದೇ ರಾತ್ರಿ ಎಂದೆ. "ಹಂಗಾದ್ರೆ ಹಸೀ ಬಾಣಂತಿ. ಮಂಡಿ ಊರ್ಕೊಂಡು ಹೆಂಗೆ ಕೂತಾಳು? ಒರಗಿಸೋಣ" ಎಂದರು.

ಹತ್ತು ವರ್ಷ ಆ ಬೊಂಬೆಯ ಧೂಳು ಒರೆಸಿದ ನನಗೆ ಎಂದೂ ಹೊಳೆಯದ ಪ್ರಶ್ನೆ ಅದು. ಮನೆಗೆ ಬಂದು ಹುಡುಕಿದೆ. ಹುಡುಕುತ್ತ ಹೋದಂತೆ, ಮಂಡಿಯೂರಿದ ಮರಿಯಮ್ಮನಿಗೂ ಒಂದು ಹುಟ್ಟಿದ ದಿನವಿದೆ ಎಂದು ತಿಳಿಯಿತು. 1372ರಲ್ಲಿ ಬೆತ್ಲೆಹೇಮಿಗೆ ಯಾತ್ರೆ ಹೋದ ಸ್ವೀಡನ್ನಿನ ಸಂತ ಬ್ರಿಜಿತಾಳಿಗೆ ಅಲ್ಲಿ ದರ್ಶನವಾಯಿತು. ಅದರಲ್ಲಿ ಮಾತೆ ಕೂದಲನ್ನು ಬೆನ್ನ ಮೇಲೆ ಇಳಿಬಿಟ್ಟು ಮಂಡಿಯೂರಿ ಪ್ರಾರ್ಥಿಸುತ್ತಿರುವಾಗಲೇ, ನೋವಿಲ್ಲದೆ, ಕ್ಷಣಮಾತ್ರದಲ್ಲಿ ಮಗು ನೆಲದ ಮೇಲಿತ್ತು. ಅದರಿಂದ ಹೊಮ್ಮಿದ ಬೆಳಕಿನೆದುರು ಜೋಸೆಫನ ಕೈಯ ಮೇಣದಬತ್ತಿ ಮಂಕಾಯಿತು. ಆ ದರ್ಶನ ಯೂರೋಪಿನ ಚಿತ್ರಕಾರರ ಕುಂಚಕ್ಕೆ ಇಳಿದು, ಅವರಿಂದ ಅಚ್ಚಿಗೆ, ಅಚ್ಚಿನಿಂದ ಪ್ಲಾಸ್ಟರಿಗೆ ಬಂದು ನಮ್ಮ ಗೋದಲಿಯನ್ನು ಸೇರಿದೆ. ಅದಕ್ಕೂ ಮುಂಚಿನ ಪೂರ್ವದೇಶದ ಸಭೆಗಳ ಚಿತ್ರಗಳಲ್ಲಿ ಮರಿಯಮ್ಮ ಗುಹೆಯ ಬಾಯಲ್ಲಿ ಹಾಸಿಗೆಯ ಮೇಲೆ ಒರಗಿ ಮಲಗಿದ್ದಾಳೆ. ಸತ್ಯವೇದವನ್ನಾಗಲಿ ಕಲೆಯ ಇತಿಹಾಸವನ್ನಾಗಲಿ ಮುಟ್ಟದ ಮನುಷ್ಯನೊಬ್ಬ, ಬಾಣಂತಿಯರನ್ನು ಕಂಡ ಬುದ್ಧಿಯೊಂದರಿಂದಲೇ ಆ ಹಳೆಯ ಭಂಗಿಗೆ ಮರಳಿದ್ದ.

ಬೊಂಬೆ ಸುಟ್ಟು ಬಣ್ಣವಾಗಿ ಬಂದಾಗ ಮರಿಯಮ್ಮ ಗೋಡೆಗೆ ಒರಗಿದ್ದಳು, ತಲೆಗೂ ಕಿವಿಗೂ ಬೆಚ್ಚಗೆ ಬಟ್ಟೆ ಸುತ್ತಿತ್ತು, ಮುಖದಲ್ಲಿ ದಣಿವಿತ್ತು. ಒಂದು ಕೈ ಮಾತ್ರ ಮಗುವಿನ ಹೊದಿಕೆಯ ಅಂಚನ್ನು ಹಿಡಿದಿತ್ತು. ಹಿರಿಯರು ಈ ಸಲ ನಿಜವಾಗಿಯೂ ನೊಂದುಕೊಂಡರು. ಅವರ ಮಾತಿನಲ್ಲಿ ತೂಕವಿತ್ತು: ಮಾತೆಯ ಪ್ರಸವ ನೋವಿಲ್ಲದ್ದು ಎಂಬುದು ಪರಂಪರೆಯಿಂದ ಬಂದ ನಂಬಿಕೆ, ಮಂಡಿಯೂರಿದ ಭಂಗಿ ಹೇಳುವುದು ಅದನ್ನೇ, ದಣಿದ ಮುಖವಿಟ್ಟು ನೀವು ಅದನ್ನು ಅಲ್ಲಗಳೆದಂತಾಗಲಿಲ್ಲವೇ ಎಂದು. ನಾನು, ಕತ್ತೆಯ ಮೇಲೆ ನಜರೇತಿನಿಂದ ಬಂದ ದಣಿವಾದರೂ ಇರಬಾರದೇ ಎಂದೆ. ಹೇಳಿದ ಮೇಲೆ, ಆ ಕತ್ತೆಯೂ ಶುಭಸಂದೇಶದಲ್ಲಿಲ್ಲ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. 1573ರ ಜುಲೈಯಲ್ಲಿ ವೆನಿಸ್ಸಿನ ಧರ್ಮವಿಚಾರಣೆಯ ನ್ಯಾಯಾಲಯದ ಮುಂದೆ ನಿಂತ ಚಿತ್ರಕಾರ ವೆರೊನೇಸೆಯ ಸ್ಥಿತಿ ನನಗೆ ಆಗ ಅರ್ಥವಾಯಿತು. ಕಡೆಯ ಭೋಜನದ ಚಿತ್ರದಲ್ಲಿ ವಿದೂಷಕ, ನಾಯಿ, ಜರ್ಮನ್ ಸಿಪಾಯಿಗಳಿಗೆ ಏನು ಕೆಲಸ ಎಂದು ಅವನನ್ನು ಕೇಳಿದ್ದರು. ಜಾಗ ಖಾಲಿ ಇತ್ತು, ತುಂಬಿದೆ ಎಂಬರ್ಥದ ಉತ್ತರ ಕೊಟ್ಟ ಅವನಿಗೆ ಮೂರು ತಿಂಗಳೊಳಗೆ ತಿದ್ದಲು ಅಪ್ಪಣೆಯಾಯಿತು. ಅವನು ಚಿತ್ರದ ಹೆಸರನ್ನು ಬದಲಾಯಿಸಿ 'ಲೇವಿಯ ಮನೆಯ ಔತಣ' ಎಂದು ಮಾಡಿ ಪಾರಾದ. ನನಗೆ ಹೆಸರು ಬದಲಾಯಿಸುವ ಉಪಾಯವೂ ಇರಲಿಲ್ಲ.

ತಕರಾರು ಫಾದರ್ ಅವರ ಮುಂದೆ ಹೋಯಿತು. ಅವರು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನವನ್ನು ಕಪಾಟಿನಿಂದ ತೆಗೆದು, ಯಾವುದೇ ಒಂದು ಕಲಾಶೈಲಿಯನ್ನು ಧರ್ಮಸಭೆ ತನ್ನದೆಂದು ಹಿಡಿದುಕೊಂಡಿಲ್ಲ ಎಂದು ಹೇಳುವ 123ನೇ ವಿಧಿಯನ್ನು ಹಿರಿಯರಿಗೆ ಓದಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಅದೇ ವಿಧಿ ದೇವಾಲಯಕ್ಕೆ ತಕ್ಕ ಗೌರವವನ್ನೂ ಕೇಳುತ್ತದೆ ಎಂದು ನೆನಪಿಸಿದರು. ಕೊನೆಗೆ ಮಣ್ಣಿನ ಬಾಣಂತಿ ಅಂಗಳದ ಗೋದಲಿಯಲ್ಲಿ, ಅಂಟಿಸಿದ ಹಳೆಯ ಪ್ಲಾಸ್ಟರ್ ಮಾತೆ ಒಳಗೆ ಪೀಠದ ಬಳಿ ಎಂದು ತೀರ್ಮಾನವಾಯಿತು. ಇಬ್ಬರಿಗೂ ಪೂರ್ತಿ ತೃಪ್ತಿಯಾಗಲಿಲ್ಲ. ಹಬ್ಬದ ರಾತ್ರಿ ಅಂಗಳದಲ್ಲಿ ಒಬ್ಬ ಅಜ್ಜಿ ಸೊಸೆಯ ಕೈಹಿಡಿದು ಬಗ್ಗಿ ನೋಡಿ, "ಕಿವಿಗೆ ಬಟ್ಟೆ ಕಟ್ಟವ್ರೆ, ಸದ್ಯ" ಎಂದದ್ದನ್ನು ಕೇಳಿ ನನಗೆ ಮಾತ್ರ ಪಾಲಿಗಿಂತ ಹೆಚ್ಚೇ ಸಿಕ್ಕಿತು.

ಸ್ಥಳೀಯವಾದದ್ದೆಲ್ಲ ಸರಿ ಎಂದು ಇದರಿಂದ ಹೊರಡುವುದಿಲ್ಲ. ಗೋವೆಯಲ್ಲಿ ಹುಟ್ಟಿ, ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತ ಆಂಜೆಲೊ ದ ಫೊನ್ಸೆಕಾ ಮರಿಯಮ್ಮನಿಗೆ ಸೀರೆಯುಡಿಸಿ ಬರೆದು ತಮ್ಮೂರಿನವರ ಆಕ್ಷೇಪಕ್ಕೆ ಗುರಿಯಾದರು, ಪುಣೆಯಲ್ಲಿ ಬಾಳು ಕಳೆದು 1967ರಲ್ಲಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ಸೀರೆ ವೇಷವಲ್ಲ, ಆ ಮೈಯ ನಿಲುವಿನಿಂದಲೇ ಇಳಿದದ್ದು. ಈಚೆಗೆ ಅಲ್ಲಲ್ಲಿ ಕಾಣುವ, ಯೂರೋಪಿನ ಅದೇ ಮುಖಕ್ಕೆ ಜರತಾರಿ ಸೀರೆ ಸುತ್ತಿದ ಪ್ರತಿಮೆಗಳಲ್ಲಿ ಆ ನಿಲುವು ನನಗೆ ಕಾಣುವುದಿಲ್ಲ. ನನ್ನ ಕಬ್ಬಿನ ಸೋಗೆಯ ಹೆಮ್ಮೆಗೂ ಹೀಗೇ ಪೆಟ್ಟು ಬಿದ್ದಿದೆ. ಕನ್ನಂಬಾಡಿಯ ನೀರು ಕಾಲುವೆಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆಯೇ ಮಂಡ್ಯ ಇಂದಿನ ಕಬ್ಬಿನ ನಾಡಾದದ್ದು. ಫಿಲೋಮಿನಾ ದೇವಾಲಯದ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ. ಗಾಥಿಕ್ ಗೋಪುರ ಪರದೇಶದ್ದು, ಸೋಗೆ ನಮ್ಮ ಅಜ್ಜನ ಕಾಲದ್ದು ಎಂದು ನಾನು ಒಳಗೊಳಗೇ ವಾದಿಸಿದ್ದೂ ಉಂಟು, ಆದರೆ ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ರಾಗಿ ಮಾತ್ರ ಇವೆರಡಕ್ಕಿಂತಲೂ ಬಹಳ ಹಳೆಯದು.

ಈ ವರ್ಷ ಉಳಿದಿರುವ ಕೆಲಸ ಕತ್ತೆಯದು. ಕುಂಬಾರರು ಮಾಡಿದ ಎತ್ತು ಅಪ್ಪಟ ಹಳ್ಳಿಕಾರ್. ಹಿಂದಕ್ಕೆ ಬಾಗಿ ಮೊನೆಯಲ್ಲಿ ಮುಂದಕ್ಕೆ ತಿರುಗಿದ ಕೊಂಬು, ಉದ್ದ ಹಣೆ, ಇಳಿಬಿದ್ದ ಗಂಗೆದೊಗಲು, ಎಲ್ಲವೂ ಜಾತ್ರೆಯಲ್ಲಿ ನಿಲ್ಲಿಸಬಹುದಾದಂತಿವೆ. ಕತ್ತೆ ಮಾತ್ರ ಕೊಂಬಿಲ್ಲದ ಕರುವಿನಂತೆ ಬಂದಿತ್ತು. ಮಕ್ಕಳು ಅದನ್ನು ಎತ್ತಿನ ಮಗುವೆಂದೇ ತಿಳಿದಿದ್ದರು. ಮೊನ್ನೆ ಹೋದಾಗ ಕುಂಬಾರರು ಸಂಕೋಚದಿಂದ, ಕತ್ತೆಯನ್ನು ಹತ್ತಿರದಿಂದ ನೋಡಿ ಇಪ್ಪತ್ತು ವರ್ಷವಾಯಿತು, ನೆನಪಿನಿಂದ ಮಾಡಿದರೆ ಕಿವಿ ಎಲ್ಲಿಂದ ಏಳುತ್ತದೆಂದು ಕೈಗೆ ತಿಳಿಯುವುದಿಲ್ಲ ಎಂದರು. ಬಟ್ಟೆಯ ಗಂಟು ಹೊರುವ ಕತ್ತೆಗಳು ನಮ್ಮ ಬೀದಿಗಳಿಂದ ಯಾವಾಗ ಮರೆಯಾದವೋ ನಾನೂ ಗಮನಿಸಿಲ್ಲ. ಕತ್ತೆಯ ಹಾಲು ಮಾರುವವನೊಬ್ಬ ಬೆಳಿಗ್ಗೆ ಪೇಟೆಯ ಕಡೆ ಬರುತ್ತಾನೆಂದು ಶಾಲೆಯ ಜವಾನ ಹೇಳಿದ್ದಾನೆ. ಹದಮಾಡಿದ ಮಣ್ಣು ಒದ್ದೆ ಗೋಣಿಯ ಕೆಳಗಿದೆ. ನಾಳೆ ಆರು ಗಂಟೆಗೆ ಕುಂಬಾರರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕತ್ತೆ ನೋಡಲು ಹೋಗುತ್ತಿದ್ದೇನೆ. ಬಂದ ಮೇಲೆ ರಾಗಿ ನೆನೆಹಾಕಬೇಕು.